ಹತ್ತು ಎಣಿಸಲು ಬಾರದವರು ಹತ್ತು ಸ್ಕ್ರೂ ಪ್ಯಾಕ್ ಮಾಡುವುದು ಹೇಗೆ?

ಒಂದು ಚೀಲಕ್ಕೆ ಹತ್ತು ಸ್ಕ್ರೂ ಹಾಕಬೇಕು. ಕೆಲಸ ಇಷ್ಟೇ. ಆದರೆ ಕೆಲಸಕ್ಕೆ ಕೂತ ಹುಡುಗನಿಗೆ ನಾಲ್ಕು ದಾಟಿದರೆ ಎಣಿಕೆ ತಪ್ಪುತ್ತದೆ. ಈಗೇನು ಮಾಡುವುದು?

ಅವನಿಗೆ ಎಣಿಸಲು ಕಲಿಸೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಕಲಿಸಬೇಕು, ಸರಿ. ಆದರೆ ಬುದ್ಧಿ ಬೆಳವಣಿಗೆಯಲ್ಲಿ ತೊಡಕಿರುವ ಕೆಲವು ಮಕ್ಕಳಿಗೆ ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಲ್ಲಿವರೆಗೆ ಸುಮ್ನೆ ಕೂರಿಸುವುದೇ? ಇನ್ನೊಂದು ಉತ್ತರವೂ ಇದೆ. ಒಂದು ಹಲಗೆಯಲ್ಲಿ ಹತ್ತು ತೂತು ಕೊರೆದು ಕೊಡುವುದು. ತೂತಿಗೊಂದು ಸ್ಕ್ರೂ ನಿಲ್ಲಿಸಿದರಾಯಿತು. ಎಲ್ಲ ತೂತು ತುಂಬಿದರೆ ಲೆಕ್ಕ ಸರಿ. ಎಣಿಸುವ ಹೊಣೆಯನ್ನು ಹಲಗೆ ಹೊತ್ತುಕೊಂಡಿತು.

ಇಂಥ ಸಾಧನಕ್ಕೆ ಕಾರ್ಖಾನೆಗಳಲ್ಲಿ ಜಿಗ್ ಎನ್ನುತ್ತಾರೆ. ವಿಶೇಷ ಶಿಕ್ಷಣದ ವೃತ್ತಿ ತರಬೇತಿ ಕೋಣೆಗಳಲ್ಲೂ ಜಿಗ್‌ಗಳು ಹೊಸದೇನಲ್ಲ. ಆದರೆ ಅವನ್ನು ಮಾಡುವವರು ಯಾರು? ಹೆಚ್ಚಾಗಿ ಶಿಕ್ಷಕರು. ತೊಂದರೆ ಎಲ್ಲಿದೆ ಎಂದು ನೋಡುವುದು, ಉಪಾಯ ಹುಡುಕುವುದು, ಮಾಡಿ ನೋಡಿ ತಿದ್ದುವುದು, ಎಲ್ಲವೂ ಅವರದೇ. ಮಕ್ಕಳ ಪಾಲಿಗೆ ಉಳಿಯುವುದು ತೂತಿಗೆ ಸ್ಕ್ರೂ ಇಳಿಸುವುದು. ಕಲಿಕೆಯ ರುಚಿಯಾದ ಭಾಗವನ್ನೆಲ್ಲ ದೊಡ್ಡವರೇ ಮುಗಿಸಿಬಿಟ್ಟ ಹಾಗಾಯಿತು, ಅಲ್ವಾ?

ಆ ಹಲಗೆಯನ್ನು ವಿದ್ಯಾರ್ಥಿಗಳೇ ಯೋಚಿಸಿ ಮಾಡಿದರೆ ಹೇಗೆ? ಅದು ಎಂಜಿನಿಯರಿಂಗ್ ಡಿಸೈನ್ ಪಾಠ. ಅದೂ ಪೂರ್ತಿ ಪಾಠ, ರಿಯಾಯಿತಿಯದ್ದಲ್ಲ.

ಕೆಲಸದ ಮೇಜೇ ಯಾಕೆ?

ಎಂಜಿನಿಯರಿಂಗ್ ಡಿಸೈನ್ ಎಂದಾಗ ಶಾಲೆಗಳು ಹೇಳಿಕೊಡುವ ಹಂತಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಸಮಸ್ಯೆ ಏನೆಂದು ಗೊತ್ತು ಮಾಡಿಕೊಳ್ಳಬೇಕು. ಪರಿಹಾರ ಏನನ್ನು ಸಾಧಿಸಬೇಕು, ಯಾವ ಮಿತಿಯೊಳಗೆ ಇರಬೇಕು ಎಂದು ಬರೆದಿಡಬೇಕು. ಒಂದಕ್ಕಿಂತ ಜಾಸ್ತಿ ಉಪಾಯ ಯೋಚಿಸಿ, ಒಂದು ಮಾದರಿ ಮಾಡಿ, ಪರೀಕ್ಷಿಸಿ, ತಿದ್ದಬೇಕು. ಮತ್ತೆ ಪರೀಕ್ಷೆ, ಮತ್ತೆ ತಿದ್ದುವುದು.

ಇದನ್ನು ಕಲಿಸಲು ಸಾಮಾನ್ಯವಾಗಿ ಆರಿಸುವ ಸವಾಲುಗಳು ಗೊತ್ತೇ ಇವೆ. ಕಾಗದದ ಸೇತುವೆ ಕಟ್ಟಿ, ಮೇಲಿಂದ ಬಿದ್ದರೂ ಒಡೆಯದಂತೆ ಮೊಟ್ಟೆಗೆ ಕವಚ ಮಾಡಿ. ಮಜವಾದ ಆಟಗಳೇ. ಆದರೆ 'ಇಲ್ಲೊಂದು ನದಿ ಇದೆ ಅಂದುಕೊಳ್ಳಿ' ಎಂಬಲ್ಲೇ ಕೆಲವು ಮಕ್ಕಳು ಕೈಬಿಟ್ಟು ಹೋಗುತ್ತಾರೆ. ಇಲ್ಲದ್ದನ್ನು ಇದೆ ಎಂದುಕೊಳ್ಳುವುದೇ ಅವರಿಗೆ ಕಷ್ಟ. ಸೇತುವೆ ಯಾರಿಗೆ ಬೇಕು, ಯಾಕೆ ಬೇಕು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಗೆದ್ದೆವೋ ಇಲ್ಲವೋ ಎಂದು ಯಾರಾದರೂ ಬಾಯಲ್ಲಿ ಹೇಳಬೇಕು.

ಸ್ಕ್ರೂ ಚೀಲದಲ್ಲಿ ಈ ಗೊಂದಲ ಇಲ್ಲ. ಹತ್ತು ಬೇಕು. ಒಂಬತ್ತಾದರೆ ತಪ್ಪು, ಹನ್ನೊಂದಾದರೂ ತಪ್ಪು. ಗುರಿ ಮೇಜಿನ ಮೇಲೇ ಇದೆ, ಸಮಸ್ಯೆಯೂ ಅಲ್ಲೇ ಇದೆ. ಮಾತು ಕಡಿಮೆ ಇರುವ ವಿದ್ಯಾರ್ಥಿಗೂ ಪರೀಕ್ಷೆಯ ಫಲಿತಾಂಶ ಕೈಗೆ ಸಿಗುತ್ತದೆ. ನನ್ನ ಪ್ರಕಾರ ನಿಜವಾದ ಕೆಲಸವನ್ನು ಡಿಸೈನ್ ಪಾಠಕ್ಕೆ ಆರಿಸಲು ಇದೇ ದೊಡ್ಡ ಕಾರಣ. ಮುಂದೆ ನೌಕರಿಗೆ ಉಪಯೋಗವಾಗುತ್ತದೆ ಎಂಬುದು ಎರಡನೆಯದು.

ಸೈಕಲ್ ಬ್ರೇಕ್ ಮತ್ತು ಎರಡು ಸ್ಪ್ರಿಂಗ್

ಈ ಯೋಚನೆಗೆ ಎರಡು ಹಳೆಯ ಬೇರುಗಳಿವೆ. ಒಂದು ವಿಶೇಷ ಶಿಕ್ಷಣದ್ದು, ಇನ್ನೊಂದು ಕಾರ್ಖಾನೆಯದ್ದು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಗೋಲ್ಡ್ ಎಂಬ ಸಂಶೋಧಕರಿದ್ದರು. ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವವರಿಂದ ಜಟಿಲ ಕೆಲಸ ಆಗದು ಎಂದು ಆಗ ಬಹುತೇಕರು ನಂಬಿದ್ದರು. ಗೋಲ್ಡ್ ಅಂಥವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸಲು ಕಲಿಸಿದರು. ಆಮೇಲೆ 24 ಭಾಗಗಳದ್ದು. ಈ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಅವರು ಉದ್ದುದ್ದ ವಿವರಣೆ ಕೊಡುತ್ತಿರಲಿಲ್ಲ. ಭಾಗಗಳನ್ನು ಕ್ರಮವಾಗಿ ತಟ್ಟೆಯ ಮನೆಗಳಲ್ಲಿ ಇಟ್ಟರು. ಯಾವ ಮುಖ ಮೇಲೆ ಬರಬೇಕೋ ಅದಕ್ಕೆ ಬಣ್ಣ ಹಚ್ಚಿದ ಗುಂಪು ಬೇಗ ಕಲಿಯಿತು. ಕಲಿಯುವವರು ತಪ್ಪಿದಾಗ ಗೋಲ್ಡ್ ಹೇಳುತ್ತಿದ್ದ ಮಾತು 'ಬೇರೆ ಥರ ಮಾಡಿ ನೋಡು' ಎಂಬುದು. ಕಲಿಸುವವರಿಗೂ ಅವರು ಹೇಳುತ್ತಿದ್ದುದು ಅದನ್ನೇ. ಒಬ್ಬರು ಕಲಿಯುತ್ತಿಲ್ಲ ಎಂದರೆ ಕಲಿಸುವ ದಾರಿಯನ್ನು ಬದಲಿಸಬೇಕು.

ಇನ್ನೊಂದು ಜಪಾನಿನದು, 1961ರದ್ದು. ಒಂದು ಕಾರ್ಖಾನೆಯಲ್ಲಿ ಚಿಕ್ಕ ಸ್ವಿಚ್ ಜೋಡಿಸುತ್ತಿದ್ದರು. ಅದರ ಗುಂಡಿಯ ಕೆಳಗೆ ಎರಡು ಸ್ಪ್ರಿಂಗ್ ಇಡಬೇಕಿತ್ತು. ಕೆಲಸಗಾರರು ಆಗಾಗ ಒಂದನ್ನು ಮರೆಯುತ್ತಿದ್ದರು. ಗಮನ ಕೊಡಿ ಎಂದು ಎಷ್ಟು ಹೇಳಿದರೂ ಮರೆವು ನಿಲ್ಲಲಿಲ್ಲ. ಎಂಜಿನಿಯರ್ ಶಿಗಿಯೊ ಶಿಂಗೊ ಸೂಚಿಸಿದ್ದು ಒಂದು ಪುಟ್ಟ ತಟ್ಟೆ. ಮೊದಲು ಡಬ್ಬಿಯಿಂದ ಎರಡು ಸ್ಪ್ರಿಂಗ್ ತೆಗೆದು ತಟ್ಟೆಗೆ ಹಾಕಿ, ಆಮೇಲೆ ಜೋಡಿಸಿ. ಕೊನೆಗೆ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತಿದ್ದೀರಿ ಎಂದು ಅರ್ಥ. ಪೋಕಾ-ಯೋಕೆ ಎಂದು ಕರೆಯುವ ತಪ್ಪು ತಡೆಯುವ ವಿಧಾನಕ್ಕೆ ಇದು ಹೆಸರಾದ ಉದಾಹರಣೆ.

ಆ ಕೆಲಸಗಾರರಿಗೆ ಯಾವ ಅಂಗವೈಕಲ್ಯವೂ ಇರಲಿಲ್ಲ ಎಂಬುದನ್ನು ಗಮನಿಸಿ. ಮರೆಯುವುದು ಎಲ್ಲರ ಪಾಡು. ಹತ್ತು ತೂತಿನ ಹಲಗೆಯೂ ಎರಡು ಸ್ಪ್ರಿಂಗಿನ ತಟ್ಟೆಯೂ ಒಂದೇ ಜಾತಿಯವು.

ಹಲಗೆ ಹುಟ್ಟುವ ಬಗೆ

ತರಗತಿಯಲ್ಲಿ ಇದು ಹೇಗೆ ನಡೆಯಬಹುದು ಎಂದು ಅದೇ ಸ್ಕ್ರೂ ಚೀಲ ಹಿಡಿದು ನೋಡೋಣ.

ಮೊದಲು ನೋಡುವ ಕೆಲಸ. ಒಬ್ಬ ವಿದ್ಯಾರ್ಥಿ ಸಾಧನವೇನೂ ಇಲ್ಲದೆ ಪ್ಯಾಕ್ ಮಾಡುತ್ತಾನೆ. ಉಳಿದವರ ಮುಂದೆ ಕೆಲಸದ ಹಂತಗಳ ಚಿತ್ರಗಳಿವೆ. ಚೀಲ ತೆಗೆಯುವುದು, ಬಾಯಿ ಬಿಡಿಸುವುದು, ಸ್ಕ್ರೂ ಹಾಕುವುದು, ಬಾಯಿ ಮುಚ್ಚುವುದು. ಅವನ ಕೈ ಎಲ್ಲಿ ನಿಂತಿತೋ ಆ ಚಿತ್ರದ ಮೇಲೆ ಅವರು ಒಂದು ಚುಕ್ಕೆ ಅಂಟಿಸುತ್ತಾರೆ. ಚುಕ್ಕೆ ಜಾಸ್ತಿ ಬಿದ್ದ ಕಡೆ ಸಮಸ್ಯೆ ಇದೆ. ಕೆಲವೊಮ್ಮೆ ಇಲ್ಲೇ ಅಚ್ಚರಿ ಕಾದಿರುತ್ತದೆ. ತೊಡಕು ಎಣಿಕೆಯಲ್ಲಿದೆ ಎಂದು ಶಿಕ್ಷಕರು ಅಂದುಕೊಂಡಿರುತ್ತಾರೆ. ಚುಕ್ಕೆಗಳೆಲ್ಲ ಚೀಲದ ಬಾಯಿ ಬಿಡಿಸುವ ಚಿತ್ರದ ಮೇಲೆ ಬಿದ್ದಿರಬಹುದು.

ಸದ್ಯ ಎಣಿಕೆಯದ್ದೇ ತೊಂದರೆ ಎಂದಿಟ್ಟುಕೊಳ್ಳಿ. ಮೊದಲ ಮಾದರಿಗೆ ರಟ್ಟು ಸಾಕು. ಅದರ ಮೇಲೆ ಹತ್ತು ವೃತ್ತ ಬರೆದು, ವೃತ್ತಕ್ಕೊಂದು ಸ್ಕ್ರೂ ಇಟ್ಟು ನೋಡಬೇಕು. ಸ್ಕ್ರೂ ಉರುಳುತ್ತದೆ, ಪಕ್ಕದ ವೃತ್ತಕ್ಕೆ ಹೋಗಿ ಕೂರುತ್ತದೆ. ಮಾದರಿ ಸೋತಿತು. ಏಕೆ ಸೋತಿತು ಎಂದು ಯಾರೂ ಭಾಷಣ ಮಾಡಬೇಕಾಗಿಲ್ಲ, ಎಲ್ಲರೂ ನೋಡಿದ್ದಾರೆ. ಎರಡನೆಯದು ಗುಳಿಗಳಿರುವ ಟ್ರೇ. ಈಗ ಉರುಳುವುದಿಲ್ಲ. ಆದರೆ ಗುಳಿ ದೊಡ್ಡದಾಗಿದ್ದರೆ ಒಂದರಲ್ಲಿ ಎರಡು ಸ್ಕ್ರೂ ಹಿಡಿಯುತ್ತವೆ. ಲೆಕ್ಕ ಮತ್ತೆ ತಪ್ಪುತ್ತದೆ.

ಹಾಗಾದರೆ ಒಂದೇ ಹಿಡಿಯುವ ಹಾಗೆ ಮಾಡುವುದು ಹೇಗೆ? ತೂತು ಸ್ಕ್ರೂವಿನ ಕಾಲಿಗಿಂತ ಸ್ವಲ್ಪ ಅಗಲ ಇರಬೇಕು, ತಲೆಗಿಂತ ಕಿರಿದಾಗಿರಬೇಕು. 5 ಮಿ.ಮೀ. ದಪ್ಪದ ಸ್ಕ್ರೂಗೆ 6 ಮಿ.ಮೀ. ತೂತು. ಸ್ಕ್ರೂ ನೆಟ್ಟಗೆ ನಿಲ್ಲುತ್ತದೆ, ತಲೆ ಮೇಲೆ ಉಳಿಯುತ್ತದೆ, ಎರಡನೆಯದಕ್ಕೆ ಜಾಗವೇ ಇಲ್ಲ. ಒಂದರಲ್ಲಿ ಎರಡು ಹಾಕಬೇಕೆಂದರೂ ಆಗದು. ತೂತು ಬಹಳ ಬಿಗಿಯಾದರೆ ಕೈ ನಡುಗುವವರಿಗೆ ಇಳಿಸಲು ಕಷ್ಟ. ಬಹಳ ಸಡಿಲವಾದರೆ ಸ್ಕ್ರೂ ವಾಲುತ್ತದೆ. ಒಂದು ಅನುಕೂಲಕ್ಕಾಗಿ ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕು ಎಂಬ ಲೆಕ್ಕಾಚಾರ ಎಂಜಿನಿಯರ್‌ಗಳಿಗೆ ದಿನನಿತ್ಯದ ತಲೆನೋವು. ಇಲ್ಲಿ ಅದು ಒಂದು ಮಿಲಿಮೀಟರಿನಲ್ಲಿ ಕೈಗೆ ತಿಳಿಯುತ್ತದೆ.

ಇನ್ನೂ ಪ್ರಶ್ನೆಗಳಿವೆ. ಹತ್ತೂ ತೂತು ಒಂದೇ ಸಾಲಿನಲ್ಲಿರಬೇಕೇ, ಐದೈದರ ಎರಡು ಸಾಲೇ? ಯಾವುದರಲ್ಲಿ ಖಾಲಿ ತೂತು ಬೇಗ ಕಾಣುತ್ತದೆ? ತೂತಿನ ಸುತ್ತ ಹಳದಿ ಬಳೆ ಬರೆದರೆ? ಸ್ಕ್ರೂವಿನ ತಲೆ ಅದನ್ನು ಮುಚ್ಚುತ್ತದೆ. ಹಳದಿ ಕಾಣುತ್ತಿದ್ದರೆ ಇನ್ನೂ ಬಾಕಿ ಇದೆ ಎಂದು ಅರ್ಥ. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಹೊಸ ತಕರಾರು ಏಳುತ್ತದೆ. ಹಲಗೆ ಅಗಲ, ಚೀಲದ ಬಾಯಿ ಚಿಕ್ಕದು, ಬಗ್ಗಿಸಿದರೆ ಅರ್ಧ ಸ್ಕ್ರೂ ನೆಲದ ಪಾಲು. ಈಗ ಹಲಗೆಯ ಒಂದು ತುದಿಗೆ ಆಲಿಕೆಯಂಥ ಬಾಯಿ ಬೇಕು. ಒಂದು ಸಮಸ್ಯೆ ಬಗೆಹರಿದದ್ದೇ ಇನ್ನೊಂದನ್ನು ಹೊರಗೆ ತಂದಿತು. ಡಿಸೈನ್ ಎಂದರೆ ಬಹಳ ಮಟ್ಟಿಗೆ ಇದೇ.

ಇನ್ನೊಂದು ಕೆಲಸ ನನಗೆ ಇದಕ್ಕಿಂತ ಇಷ್ಟ. ಪೆಟ್ಟಿಗೆಗಳ ಮೇಲೆ ಒಂದೇ ಜಾಗದಲ್ಲಿ, ಸೊಟ್ಟ ಆಗದಂತೆ ಲೇಬಲ್ ಅಂಟಿಸುವುದು. ಲೇಬಲ್ ಸೊಟ್ಟ ಆಗಲು ಹೆಚ್ಚಿನ ಕಾರಣ ಪೆಟ್ಟಿಗೆ ಅಲುಗಾಡುವುದು. ಅದನ್ನು ಅಲುಗದಂತೆ ನಿಲ್ಲಿಸುವುದು ಹೇಗೆ? ಯಂತ್ರದ ಕಾರ್ಖಾನೆಗಳಲ್ಲಿ ಇದಕ್ಕೆ 3-2-1 ಎಂಬ ನಿಯಮವಿದೆ. ಯಾವುದೇ ಗಟ್ಟಿ ವಸ್ತು ಆರು ಬಗೆಯಲ್ಲಿ ಅಲುಗಬಲ್ಲದು. ಮೂರು ದಿಕ್ಕಿನಲ್ಲಿ ಸರಿಯುವುದು, ಮೂರು ಬಗೆಯಲ್ಲಿ ತಿರುಗುವುದು. ತಳಕ್ಕೆ ಮೂರು ಬಿಂದು, ಒಂದು ಪಕ್ಕಕ್ಕೆ ಎರಡು, ಇನ್ನೊಂದು ಪಕ್ಕಕ್ಕೆ ಒಂದು ಆಧಾರ ಕೊಟ್ಟು ಒತ್ತಿ ಹಿಡಿದರೆ ಆರೂ ನಿಲ್ಲುತ್ತವೆ.

ಈ ನಿಯಮವನ್ನು ಹೆಸರು ಹಿಡಿದು ಹೇಳಬೇಕಾಗಿಯೇ ಇಲ್ಲ. ಒಂದು ಹಲಗೆ, ಕೆಲವು ಮರದ ಗೂಟ, ಒಂದು ಪೆಟ್ಟಿಗೆ ಕೊಡಿ. ತಳದ ಮೂರು ಬಿಂದುಗಳ ಕೆಲಸವನ್ನು ಹಲಗೆಯೇ ಮಾಡುತ್ತದೆ. ಒಂದು ಗೂಟ ನೆಟ್ಟು ಪೆಟ್ಟಿಗೆಯನ್ನು ಅದಕ್ಕೆ ಒತ್ತಿ. ತಿರುಗುತ್ತದೆಯೇ? ತಿರುಗುತ್ತದೆ. ಅದೇ ಪಕ್ಕಕ್ಕೆ ಇನ್ನೊಂದು ಗೂಟ ನೆಡಿ. ತಿರುಗುವುದು ನಿಂತಿತು, ಆದರೆ ಗೂಟಗಳ ಉದ್ದಕ್ಕೂ ಜಾರುತ್ತದೆ. ಎಲ್ಲಿಗೆ ಜಾರುತ್ತದೋ ಅಲ್ಲಿ ಮೂರನೆಯದು. ಈಗ ಪೆಟ್ಟಿಗೆಯನ್ನು ಮೂಲೆಗೆ ಒತ್ತಿದರೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪುಸ್ತಕದಿಂದ ಓದುವ ಪಾಠ ಇದು. ಓದು ಬಾರದ ವಿದ್ಯಾರ್ಥಿ ಅದನ್ನು ಗೂಟ ನೆಟ್ಟು ಕಂಡುಕೊಳ್ಳಬಲ್ಲ.

ಎಲ್ಲ ಕೆಲಸಗಳೂ ಇಷ್ಟು ಒಳ್ಳೆಯ ಪಾಠ ಕೊಡುವುದಿಲ್ಲ. ಟವೆಲ್ ಮಡಿಸುವುದಕ್ಕೆ ಮಡಿಕೆಯ ಹಲಗೆ ಮಾಡಬಹುದು, ಕಾಗದ ವಿಂಗಡಿಸಲು ಬಣ್ಣದ ಗೂಡು ಮಾಡಬಹುದು. ಅವು ಬೇಗ ಮುಗಿಯುತ್ತವೆ. ಮೇಜು ಒರೆಸುವುದು ಮಾತ್ರ ನೋಡಲು ಸುಲಭ, ಡಿಸೈನ್‌ಗೆ ಕಠಿಣ. ಎಲ್ಲಿ ಒರೆಸಿದೆ, ಎಲ್ಲಿ ಬಿಟ್ಟೆ ಎಂಬುದು ಕಾಣುವುದೇ ಇಲ್ಲ. ಮುಗಿದದ್ದನ್ನು ಕಾಣುವ ಹಾಗೆ ಮಾಡುವುದೇ ಅಲ್ಲಿನ ಸವಾಲು. ನೊರೆ ಹಚ್ಚಿ ಒರೆಸುವುದು, ಮೇಜನ್ನು ಪಟ್ಟಿಗಳಾಗಿ ಭಾಗ ಮಾಡುವುದು, ಹೀಗೆ ಯೋಚನೆ ಹರಿಯಬೇಕು.

ಮಾತಿಲ್ಲದವರ ಆಯ್ಕೆ

ಡಿಸೈನ್ ಪಾಠದಲ್ಲಿ ಚರ್ಚೆ ಜಾಸ್ತಿ. ಮಾತು ಇಲ್ಲದವರು, ಮಾತು ಕಡಿಮೆ ಇರುವವರು ಅಲ್ಲಿ ಪ್ರೇಕ್ಷಕರಾಗಿ ಉಳಿದುಬಿಡುತ್ತಾರೆ. ಇದಕ್ಕೆ ಉಪಾಯ ಸರಳ. ಅಭಿಪ್ರಾಯ ಕೇಳುವ ಬದಲು ಎರಡು ಮಾದರಿ ಮುಂದಿಡಿ. ಎರಡರಲ್ಲೂ ಕೆಲಸ ಮಾಡಲು ಬಿಡಿ. ಮೂರನೇ ಸಲ ಅವನ ಕೈ ಯಾವುದಕ್ಕೆ ಹೋಗುತ್ತದೆ ನೋಡಿ. ಅದು ಅವನ ಮತ. ಚಿತ್ರ ತೋರಿಸಿ ಕೇಳುವುದಕ್ಕಿಂತ ಇದು ಎಷ್ಟೋ ನಂಬಿಕೆಗೆ ಅರ್ಹ. ಒಂದು ಎಚ್ಚರಿಕೆ ಬೇಕು. ಮಾದರಿಗಳ ಜಾಗ ಅದಲುಬದಲು ಮಾಡಿ ಮತ್ತೊಮ್ಮೆ ನೋಡಬೇಕು. ಬಲಗಡೆ ಇದ್ದದ್ದನ್ನೇ ಎತ್ತುವ ಅಭ್ಯಾಸ ಇರಬಹುದಲ್ಲ.

ಆಟಿಸಂ ಇರುವ ಕೆಲವರಿಗೆ ಇನ್ನೊಂದು ಕಷ್ಟ. ಡಿಸೈನ್‌ಗೆ ಕೊನೆಯೇ ಇಲ್ಲ. 'ಇನ್ನೂ ಚೆನ್ನಾಗಿ ಮಾಡಬಹುದಾ?' ಎಂಬ ಪ್ರಶ್ನೆ ನಮಗೆ ಉತ್ಸಾಹ ತರಬಹುದು, ಅವರಿಗೆ ಹಿಂಸೆ. ಎಷ್ಟು ಮಾಡಿದರೆ ಸಾಕು ಎಂಬುದು ತಿಳಿಯದ ಕೆಲಸದಲ್ಲಿ ಅವರಿಗೆ ನೆಮ್ಮದಿ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ಬೆಳೆಸಿದ ಟೀಚ್ ಎಂಬ ಕಾರ್ಯಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಕೆಲಸದ ವ್ಯವಸ್ಥೆ ನಾಲ್ಕು ಪ್ರಶ್ನೆಗೆ ಕಣ್ಣಿಗೆ ಕಾಣುವ ಉತ್ತರ ಕೊಡಬೇಕು ಎನ್ನುತ್ತದೆ ಅದು. ಏನು ಮಾಡಬೇಕು? ಎಷ್ಟು ಮಾಡಬೇಕು? ಮುಗಿಯಿತು ಎಂದು ಹೇಗೆ ಗೊತ್ತಾಗುತ್ತದೆ? ಆಮೇಲೆ ಏನು? ಡಿಸೈನ್ ಪಾಠಕ್ಕೂ ಇದೇ ನಾಲ್ಕು ಪ್ರಶ್ನೆ ಸಾಕು. ಇವತ್ತು ಮೂರು ಪರೀಕ್ಷೆ, ಒಂದು ತಿದ್ದುಪಡಿ, ಆಮೇಲೆ ಬಿಡುವು ಎಂದು ಚಿತ್ರದಲ್ಲಿ ತೋರಿಸಿಬಿಡಿ. ಮೊದಲ ಮಾದರಿ ಕೆಡುವುದಕ್ಕೇ ಇರುವುದು ಎಂಬುದನ್ನೂ ಮೊದಲೇ ತಿಳಿಸಬೇಕು. ಅದರ ಮೇಲೆ ದೊಡ್ಡದಾಗಿ 'ಮಾದರಿ 1' ಎಂದು ಬರೆದಿಟ್ಟರೆ ಇನ್ನೂ ಮಾದರಿಗಳು ಬರಲಿವೆ ಎಂದು ಗೊತ್ತಾಗುತ್ತದೆ. ಕೈಯಾರೆ ಮಾಡಿದ್ದು ಮುರಿದಾಗ ಆಗುವ ಸಂಕಟ ಅಷ್ಟರ ಮಟ್ಟಿಗೆ ಕಡಿಮೆ.

ಏನನ್ನು ಅಳೆಯುವುದು?

ವೇಗ ಅಳೆಯುವುದು ಸುಲಭ, ಹಾಗಾಗಿ ಎಲ್ಲರೂ ಅದನ್ನೇ ಅಳೆಯುತ್ತಾರೆ. ಅದರ ಜೊತೆ ತಪ್ಪಾದ ಚೀಲಗಳನ್ನು ಎಣಿಸಬೇಕು. ತಪ್ಪಾದದ್ದನ್ನು ಒಂದು ಪಾರದರ್ಶಕ ಡಬ್ಬಿಗೆ ಹಾಕಿದರೆ ಸಂಖ್ಯೆ ಬಾರದವರಿಗೂ ಯಾವ ಮಾದರಿ ಹೆಚ್ಚು ಕೆಟ್ಟಿತು ಎಂದು ಕಾಣುತ್ತದೆ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು. ತೂತಿನ ಅಳತೆಯನ್ನೂ ಬಣ್ಣವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು ಎಂದು ಹೇಳಲಾಗದು.

ಮೂರನೇ ಅಳತೆಯೊಂದಿದೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ. ಕೆಲಸ ನಡೆಯುವಾಗ ಶಿಕ್ಷಕರು ಎಷ್ಟು ಸಲ ಬಾಯಿ ಹಾಕಿದರು? ಹತ್ತು ಚೀಲಕ್ಕೆ ಇಪ್ಪತ್ತು ಸಲ 'ಹಾಗಲ್ಲ, ಹೀಗೆ' ಎನ್ನಬೇಕಾಗಿ ಬಂದರೆ ಜಿಗ್ ಎಷ್ಟೇ ಅಂದವಾಗಿದ್ದರೂ ಕೆಲಸಕ್ಕೆ ಬಾರದು. ಕೆಲಸದ ಜಾಗದಲ್ಲಿ ಪಕ್ಕದಲ್ಲಿ ಶಿಕ್ಷಕರು ಇರುವುದಿಲ್ಲ.

ಬಾಯಿ ಮುಚ್ಚಿಕೊಂಡಿರುವುದು ಶಿಕ್ಷಕರಿಗೆ ನಿಜಕ್ಕೂ ಕಷ್ಟ. ಉತ್ತರ ಗೊತ್ತಿದ್ದೂ ಸುಮ್ಮನಿರಬೇಕು. ಕೊರೆಯುವುದು, ಕತ್ತರಿಸುವುದು, ಬಿಸಿ ಗೋಂದು ಹಾಕುವುದು ಸುರಕ್ಷತೆಗಾಗಿ ದೊಡ್ಡವರೇ ಮಾಡಬೇಕಾಗಬಹುದು. ತೂತು ಎಲ್ಲಿ ಬರಬೇಕು ಎಂದು ತೋರಿಸುವ ಬೆರಳು ಮಾತ್ರ ವಿದ್ಯಾರ್ಥಿಯದೇ ಆಗಿರಲಿ. ಆ ಜಾಗ ತಪ್ಪು ಎಂದು ಗೊತ್ತಿದ್ದರೂ ಅಲ್ಲೇ ಕೊರೆಯಿರಿ. ಇಲ್ಲದಿದ್ದರೆ ಶಿಕ್ಷಕರು ಡಿಸೈನ್ ಮಾಡಿ ಮಕ್ಕಳು ಬಣ್ಣ ಬಳಿಯುವ ನಾಟಕವಾಗುತ್ತದೆ. ಪ್ರದರ್ಶನದ ಮೇಜುಗಳ ಮೇಲೆ ಅಂಥವು ಬೇಕಾದಷ್ಟು ಕಾಣಸಿಗುತ್ತವೆ.

ಇದೇ ಮಾತು ಸಾಮಾನ್ಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಅಮೆರಿಕದಲ್ಲಿ ಸೋರ್ಸ್‌ಅಮೆರಿಕ ಎಂಬ ಸಂಸ್ಥೆ ಒಂದು ಡಿಸೈನ್ ಸ್ಪರ್ಧೆ ನಡೆಸುತ್ತಾ ಬಂದಿದೆ. ಹೈಸ್ಕೂಲ್ ಮತ್ತು ಕಾಲೇಜು ತಂಡಗಳು ಅಂಗವೈಕಲ್ಯ ಇರುವ ನೌಕರರ ಕೆಲಸಕ್ಕೆ ನೆರವಾಗುವ ಸಾಧನ ಮಾಡುತ್ತವೆ. ಒಳ್ಳೆಯ ಕೆಲಸ. ಆದರೆ ಇಂಥ ಯಾವುದೇ ಯೋಜನೆಯಲ್ಲಿ ನೌಕರ ಬರೀ ಬಳಕೆದಾರನಾಗಿ ಕೂರುವ ಅಪಾಯ ಇದ್ದೇ ಇದೆ. ಆರು ಗಂಟೆ ಆ ಮೇಜಿನಲ್ಲಿ ಕೂರುವವರಿಗೆ ಗೊತ್ತಿರುವುದು ವಾರಕ್ಕೊಮ್ಮೆ ಬಂದು ಹೋಗುವ ತಂಡಕ್ಕೆ ಗೊತ್ತಿರುವುದಿಲ್ಲ. ಅವರನ್ನು ತಂಡದ ಒಳಗೇ ಸೇರಿಸಿಕೊಂಡರೆ ಫಲಿತಾಂಶವೇ ಬೇರೆ.

ಎರಡು ಆಕ್ಷೇಪ

ಮಕ್ಕಳು ಜಿಗ್‌ಗೆ ಅಂಟಿಕೊಂಡುಬಿಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಂಟಿಕೊಳ್ಳಲಿ ಬಿಡಿ. ಬಡಗಿ ಅಳತೆಪಟ್ಟಿಗೆ ಅಂಟಿಕೊಂಡಿದ್ದಾನೆ ಎಂದು ಯಾರೂ ದೂರುವುದಿಲ್ಲ. ಕೆಲವು ಆಸರೆಗಳನ್ನು ಮೆಲ್ಲಗೆ ತೆಗೆಯಬಹುದು. ಹಳದಿ ಬಳೆ ಇಲ್ಲದೆಯೂ ಕೆಲಸ ನಡೆದರೆ ಅದು ಹೋಗಲಿ. ಹತ್ತು ತೂತು ಉಳಿಯಲಿ. ಕೇಳಬೇಕಾದ ಪ್ರಶ್ನೆ ಬೇರೆ. ಈ ಸಾಧನ ಕೆಲಸದ ಜಾಗಕ್ಕೆ ಹೊತ್ತುಕೊಂಡು ಹೋಗುವಷ್ಟು ಹಗುರವೇ? ಅಲ್ಲಿನ ಮೇಜಿಗೆ ಹಿಡಿಯುತ್ತದೆಯೇ? ಒಡೆದರೆ ಇನ್ನೊಂದು ಮಾಡಿಕೊಳ್ಳಬಹುದೇ? ಅಳತೆಗಳನ್ನು ಬರೆದಿಟ್ಟಿದ್ದರೆ ಮಾಡಿಕೊಳ್ಳಬಹುದು.

ಎರಡನೇ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ತರಬೇತಿಯ ಹೆಸರಲ್ಲಿ ಮಕ್ಕಳಿಂದ ಬಿಟ್ಟಿ ದುಡಿಸಿಕೊಳ್ಳುವ ದಾರಿ ಇದಾಗಬಹುದು. ಅದಕ್ಕೊಂದು ಗಡಿ ಹಾಕಿಕೊಳ್ಳಬೇಕು. ಜಿಗ್ ಚೆನ್ನಾಗಿ ನಡೆಯತೊಡಗಿ, ತಿದ್ದಲು ಏನೂ ಉಳಿಯಲಿಲ್ಲ ಎಂದಾಗ ಪಾಠ ಮುಗಿಯಿತು. ಅಲ್ಲಿಂದ ಮುಂದೆ ತುಂಬುವ ನೂರಾರು ಚೀಲ ಕೂಲಿಯ ಕೆಲಸ. ಅದಕ್ಕೆ ಕೂಲಿ ಸಲ್ಲಬೇಕು. ತರಗತಿ ಬೇರೆ ಸಮಸ್ಯೆಗೆ ಹೋಗಬೇಕು.

ದಾಖಲೆಯಲ್ಲಿ ಏನು ಬರೆಯಬೇಕು?

ಬಹಳ ಕಡೆ ವಿಶೇಷ ಶಿಕ್ಷಣದ ವಿದ್ಯಾರ್ಥಿಗೆ ಅವರದೇ ಆದ ಕಲಿಕಾ ಯೋಜನೆ ಇರುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ವಿದ್ಯಾರ್ಥಿಗೆ 16 ತುಂಬುವ ಹೊತ್ತಿಗೆ ಆ ಯೋಜನೆಯಲ್ಲಿ ಶಾಲೆ ಮುಗಿದ ಮೇಲಿನ ಗುರಿಗಳೂ ಇರಬೇಕು. ಡಿಸೈನ್ ಪಾಠ ನಡೆಸುವವರು ಆ ಹಾಳೆಯಲ್ಲಿ ಏನು ಬರೆಯುತ್ತಾರೆ ಎಂಬುದು ಮುಖ್ಯ. 'ತಪ್ಪಿಲ್ಲದೆ ಹತ್ತು ಚೀಲ ತುಂಬುತ್ತಾನೆ' ಎಂದಷ್ಟೇ ಬರೆದರೆ, ಆರು ತಿಂಗಳು ಕಳೆದ ಮೇಲೆ ಎಲ್ಲರೂ ಚೀಲಗಳನ್ನೇ ಎಣಿಸುತ್ತಾರೆ. ಅದರ ಕೆಳಗೆ ಇನ್ನೂ ಕೆಲವು ಸಾಲು ಸೇರಬೇಕು. ಕೆಲಸದಲ್ಲಿ ಕೈ ನಿಲ್ಲುವ ಜಾಗವನ್ನು ಚಿತ್ರದಲ್ಲಿ ಗುರುತಿಸುತ್ತಾನೆ. ಎರಡು ಮಾದರಿ ಬಳಸಿ ನೋಡಿ ಒಂದನ್ನು ಆರಿಸುತ್ತಾನೆ. ಸಾಧನ ಸರಿಯಿಲ್ಲದಿದ್ದರೆ ಕೆಲಸ ನಿಲ್ಲಿಸಿ ಬದಲಾವಣೆ ಕೇಳುತ್ತಾನೆ. ಇದರಲ್ಲಿ ಕೊನೆಯದನ್ನು ಕಲಿಸಲು ಹೆಚ್ಚು ಸಮಯ ಬೇಕಾಗುತ್ತದೆ. ಕೊಟ್ಟದ್ದನ್ನು ಕೊಟ್ಟ ಹಾಗೆ ಮಾಡು ಎಂದೇ ಈ ಮಕ್ಕಳಿಗೆ ಚಿಕ್ಕಂದಿನಿಂದ ಹೇಳಿರುತ್ತಾರೆ. ಹಾಗಾಗಿ ಬೇಕೆಂದೇ ಒಂದು ಕೆಟ್ಟ ಜಿಗ್ ಕೊಟ್ಟು, ಅವರು ಅದನ್ನು ಪಕ್ಕಕ್ಕೆ ತಳ್ಳುವವರೆಗೆ ಕಾಯುವ ಪಾಠವೂ ಒಂದಿರಲಿ.